ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ: ಚೆಕ್‌ಡೌನ್ ಕೊಡದ ಕ್ವಾರ್ಟರ್‌ಬ್ಯಾಕ್‌ಗೆ ದೋಷ ನಿವಾರಣೆ

ಲಕ್ಷಣ

ಎರಡನೇ ಡೌನ್, ಇನ್ನೂ ಎಂಟು ಯಾರ್ಡ್ ಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಹಿಂದೆ ಸರಿಯುತ್ತಾನೆ, ದೂರ ನೋಡುತ್ತಾನೆ, ಇನ್ನೂ ದೂರ ನೋಡುತ್ತಾನೆ, ಅಷ್ಟರಲ್ಲಿ ಎದುರಾಳಿ ಬಂದು ಮೇಲೆ ಬೀಳುತ್ತಾನೆ. ಏಳು ಯಾರ್ಡ್ ಹೋಯಿತು. ರಿಪ್ಲೇ ನೋಡಿದರೆ ರನ್ನಿಂಗ್ ಬ್ಯಾಕ್ ನಾಲ್ಕು ಯಾರ್ಡ್ ಆಚೆ ಒಬ್ಬನೇ ನಿಂತಿದ್ದಾನೆ. ಸುತ್ತ ಹುಲ್ಲು ಬಿಟ್ಟರೆ ಯಾರೂ ಇಲ್ಲ. ಕೈ ಬೇರೆ ಬೀಸುತ್ತಿದ್ದಾನೆ ಪಾಪ. ಟಿವಿ ಮುಂದೆ ಕೂತವರೆಲ್ಲ ಹಣೆ ಚಚ್ಚಿಕೊಳ್ಳುತ್ತಾರೆ.

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವವರಿಗೆ ಇದು ಶನಿವಾರ ಶನಿವಾರ ಕಾಣುವ ರೋಗ. ಹೊಸಬರಿಗೆ ಒಂದು ಮಾತು: ಪಾಸ್ ಎಸೆಯುವವನು ಕ್ವಾರ್ಟರ್‌ಬ್ಯಾಕ್, ಅವನ ಹತ್ತಿರ ನಿಂತು ಚೆಂಡು ಹಿಡಿದು ಓಡುವವನು ರನ್ನಿಂಗ್ ಬ್ಯಾಕ್, ಮುಂದೆ ಬರೀ ಬ್ಯಾಕ್ ಅನ್ನುತ್ತೇನೆ. ಹತ್ತು ಯಾರ್ಡ್ ದಾಟೋದಕ್ಕೆ ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅಂತ ಹೆಸರು. ದೂರದ ರಿಸೀವರ್‌ಗಳು ಯಾರೂ ಸಿಗದಿದ್ದಾಗ ಹತ್ತಿರದ ಬ್ಯಾಕ್‌ಗೆ ಕೊಡುವ ಸಣ್ಣ ಪಾಸೇ ಚೆಕ್‌ಡೌನ್. ಕ್ರಿಕೆಟ್ಟಿನಲ್ಲಿ ಸಿಂಗಲ್ ತೆಗೆದ ಹಾಗೆ. ಒಂದೇ ವ್ಯತ್ಯಾಸ, ಅಲ್ಲಿ ಬೌಲರ್ ಬ್ಯಾಟ್ಸ್‌ಮನ್ ಮೇಲೆ ಬಂದು ಬೀಳಲ್ಲ.

"ಇವನಿಗೆ ಕಣ್ಣು ಕಾಣಲ್ವಾ?" ಅಂತ ಬೈಯೋದು ಸುಲಭ. ನಾನೂ ವರ್ಷಗಟ್ಟಲೆ ಹಾಗೇ ಬೈದವನು. ಆದರೆ ಒಂದೇ ಪ್ಲೇಯನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡಲು ಶುರು ಮಾಡಿದ ಮೇಲೆ ಗೊತ್ತಾಗಿದ್ದು, ಕಣ್ಣು ಕೊನೆಯ ಅನುಮಾನ ಆಗಬೇಕು, ಮೊದಲನೆಯದಲ್ಲ. ಮೊದಲು ಪ್ರೊಟೆಕ್ಷನ್, ಅಂದರೆ ಅವನಿಗಿರುವ ಕಾವಲು ನೋಡಿ, ಆಮೇಲೆ ಗಡಿಯಾರ, ಆಮೇಲೆ ಕಾಲು. ಈ ಕ್ರಮ ತಪ್ಪಿಸಿದರೆ ಸರಿಯಿರುವ ಭಾಗವನ್ನು ಬಿಚ್ಚಿ ಕೆಡಿಸುತ್ತೀರಿ.

ಇದು ನಿಜಕ್ಕೂ ದೋಷವಾ?

ಮೂರನೇ ಡೌನ್, ಹನ್ನೆರಡು ಯಾರ್ಡ್ ಬೇಕು, ಬ್ಯಾಕ್ ಮೂರು ಯಾರ್ಡಿನಲ್ಲಿ ನಿಂತಿದ್ದಾನೆ, ಅವನ ಮುಂದೆ ಇಬ್ಬರು ಕಾಯುತ್ತಿದ್ದಾರೆ. ಅಲ್ಲಿಗೆ ಕೊಟ್ಟರೆ ಐದು ಯಾರ್ಡ್ ಬರಬಹುದು, ಮುಂದಿನ ಪ್ಲೇಗೆ ಪಂಟ್, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು. ಇಲ್ಲಿ ದೂರ ನೋಡಿದ್ದು ತಪ್ಪಲ್ಲ. ಅರ್ಧ ಮುಗಿಯಲು ಆರು ಸೆಕೆಂಡ್ ಇದೆ, ಟೈಮ್‌ಔಟ್ ಇಲ್ಲ, ಆಗಲೂ ತಪ್ಪಲ್ಲ. ಬಹಳ ಜನ ಬಳಸುವ ಒಂದು ಅಳತೆ ಇದೆ: ಮೊದಲ ಡೌನಿನಲ್ಲಿ ಬೇಕಾದ ದೂರದ ಶೇ. 50, ಎರಡನೆಯದರಲ್ಲಿ ಶೇ. 70, ಮೂರು ನಾಲ್ಕರಲ್ಲಿ ಪೂರ್ತಿ ಬಂದರೆ ಆ ಪ್ಲೇ ಗೆದ್ದ ಹಾಗೆ. ಆ ಲೆಕ್ಕದಲ್ಲಿ ಮೊದಲ ಡೌನಿನ ಐದು ಯಾರ್ಡ್ ಚೆಕ್‌ಡೌನ್ ಪೂರ್ತಿ ಗೆಲುವು. ಹಾಗಾಗಿ ಮೊದಲೆರಡು ಡೌನ್‌ಗಳನ್ನು ಮಾತ್ರ ಆರಿಸಿಕೊಳ್ಳಿ. ಮೂರನೇ ಡೌನ್ ಸೇರಿಸಿಕೊಂಡರೆ ಪಟ್ಟಿ ಗಲೀಜಾಗುತ್ತದೆ.

ಇನ್ನೊಂದು, ಅಂಕಿಅಂಶ ನೋಡಿ ಈ ದೋಷ ಹಿಡಿಯೋಕೆ ಹೋಗಬೇಡಿ. ಕಾಲೇಜ್ ಲೆಕ್ಕದಲ್ಲಿ ಇದು ಅಡಗಿ ಕೂರುತ್ತದೆ. ಪಾಸ್ ರೇಟಿಂಗ್ ಸೂತ್ರ ಹೀಗಿದೆ: ಯಾರ್ಡ್‌ಗಳನ್ನು 8.4ರಿಂದ ಗುಣಿಸಿ, ಪ್ರತಿ ಟಚ್‌ಡೌನ್‌ಗೆ 330 ಸೇರಿಸಿ, ಕೈಸೇರಿದ ಪ್ರತಿ ಪಾಸ್‌ಗೆ 100 ಸೇರಿಸಿ, ಎದುರಾಳಿ ಹಿಡಿದ ಪ್ರತಿ ಪಾಸ್‌ಗೆ, ಅಂದರೆ ಇಂಟರ್‌ಸೆಪ್ಷನ್‌ಗೆ 200 ಕಳೆದು, ಎಸೆದ ಒಟ್ಟು ಪಾಸ್‌ಗಳಿಂದ ಭಾಗಿಸಿ. ಇದರಲ್ಲಿ ಸ್ಯಾಕ್ ಎಲ್ಲಿದೆ? ಇಲ್ಲ. ಚೆಂಡು ಹಿಡಿದುಕೊಂಡೇ ನೆಲಕ್ಕೆ ಬಿದ್ದರೆ ಆ ನಷ್ಟ ಕಾಲೇಜಿನಲ್ಲಿ ಓಟದ ಲೆಕ್ಕಕ್ಕೆ ಹೋಗುತ್ತದೆ, ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಂಡದ ಪಾಸ್ ಯಾರ್ಡ್‌ಗಳಿಂದ ಕಳೆಯುತ್ತಾರೆ. ಈಗ ತಮಾಷೆ ನೋಡಿ. 150 ರೇಟಿಂಗ್ ಇರುವ ಹುಡುಗ ನಾಲ್ಕು ಯಾರ್ಡಿನ ಚೆಕ್‌ಡೌನ್ ಕೊಟ್ಟರೆ ಆ ಒಂದು ಪಾಸ್‌ನ ಬೆಲೆ 133.6. ಅಂದರೆ ಅವನ ರೇಟಿಂಗ್ ಕೆಳಗಿಳಿಯುತ್ತದೆ. ಅದೇ ಸ್ಯಾಕ್ ಆಗಿ ಏಳು ಯಾರ್ಡ್ ಕಳೆದರೆ ರೇಟಿಂಗ್ ಅಲ್ಲಾಡಲ್ಲ! ತಂಡಕ್ಕೆ ಹನ್ನೊಂದು ಯಾರ್ಡ್ ವ್ಯತ್ಯಾಸ, ಕಾಗದದ ಮೇಲೆ ಕೆಟ್ಟವನು ಒಳ್ಳೆಯದು ಮಾಡಿದವನೇ. ಹುಡುಗರು ಈ ಲೆಕ್ಕ ಹಾಕಿಕೊಂಡು ಆಡುತ್ತಾರೆ ಅಂತ ನಾನು ಹೇಳುತ್ತಿಲ್ಲ, ನಾವು ಹೊರಗಿಂದ ನೋಡುವವರು ಇದಕ್ಕೆ ಮೋಸ ಹೋಗುತ್ತೇವೆ ಅಷ್ಟೇ.

ಮೊದಲ ಪರೀಕ್ಷೆ: ಬ್ಯಾಕ್‌ಗೆ ಆ ಪ್ಲೇಯಲ್ಲಿ ಕೆಲಸ ಏನಿತ್ತು?

ಇದನ್ನು ಯಾರೂ ಕೇಳಲ್ಲ. ಲೈನಿನಲ್ಲಿ ಐದು ಜನ ದಾಂಡಿಗರು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುತ್ತಾರೆ. ಎದುರಾಳಿ ಕಡೆಯಿಂದ ಆರನೆಯವನು ನುಗ್ಗಿ ಬಂದರೆ? ಆಗ ಬ್ಯಾಕ್ ನಿಂತು ತಡೆಯಬೇಕು. ಜಾಸ್ತಿ ಪ್ಲೇಗಳಲ್ಲಿ ಅವನಿಗೆ ಎರಡು ಕೆಲಸ: ತನಗೆ ಒಪ್ಪಿಸಿದ ಲೈನ್‌ಬ್ಯಾಕರ್, ಅಂದರೆ ಎದುರಾಳಿ ಲೈನಿನ ಹಿಂದೆ ನಿಲ್ಲುವವನು, ನುಗ್ಗಿ ಬರುತ್ತಾನಾ ನೋಡು, ಬಂದರೆ ತಡೆ, ಬರದಿದ್ದರೆ ಆಚೆ ಹೋಗಿ ಪಾಸ್‌ಗೆ ನಿಲ್ಲು. ಹೀಗೆ ನೋಡಿ ಹೊರಡುವ ಹೊತ್ತಿಗೆ ಸಮಯ ಹೋಗಿರುತ್ತದೆ. ಇನ್ನು ಏಳು ಎಂಟು ಜನರನ್ನು ಕಾವಲಿಗೆ ನಿಲ್ಲಿಸಿ ಇಬ್ಬರನ್ನೋ ಮೂವರನ್ನೋ ಮಾತ್ರ ದೂರ ಕಳಿಸುವ ಪ್ಲೇಗಳೂ ಇವೆ. ಅಲ್ಲಿ ಬ್ಯಾಕ್ ರಿಸೀವರ್ ಅಲ್ಲವೇ ಅಲ್ಲ. ತಡೆಯೋಕೆ ಯಾರೂ ಸಿಗದೆ ಬೇಜಾರಾಗಿ ಈಚೆ ಬಂದು ನಿಂತಿರುತ್ತಾನೆ, ನಾವು ಅದನ್ನು ನೋಡಿ "ಫ್ರೀ ಇದ್ದ, ಕೊಡಲಿಲ್ಲ" ಅನ್ನುತ್ತೇವೆ. ಕ್ವಾರ್ಟರ್‌ಬ್ಯಾಕ್‌ಗೆ ಅವನು ಅಲ್ಲಿರುತ್ತಾನೆ ಅನ್ನೋದೇ ಗೊತ್ತಿಲ್ಲ.

ಇಲ್ಲಿ ದೋಷ ಸಿಕ್ಕರೆ ರಿಪೇರಿ ಕೋಚ್ ಕೈಯಲ್ಲಿದೆ. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಲೂಸಿಯಾನಾದ ಎಲ್‌ಎಸ್‌ಯು ಕಾಲೇಜ್ ತಂಡ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಜೋ ಬರೋ 2018ರಲ್ಲಿ ಶೇ. 57.8 ಪಾಸ್‌ಗಳನ್ನು ಕೈಸೇರಿಸಿದ್ದ. 2019ಕ್ಕೆ ನ್ಯೂ ಓರ್ಲಿಯನ್ಸ್ ಸೇಂಟ್ಸ್ ತಂಡದಿಂದ ಜೋ ಬ್ರೇಡಿ ಕೋಚ್ ಆಗಿ ಬಂದ. ಐದೇ ಜನರ ಕಾವಲು, ಉಳಿದ ಐವರೂ ಆಚೆ, ಬ್ಯಾಕ್ ಕೂಡ. ಬರೋ ಶೇ. 76.3ಕ್ಕೆ ಏರಿದ, 5,671 ಯಾರ್ಡ್, 60 ಟಚ್‌ಡೌನ್ ಪಾಸ್, ತಂಡ 15-0. ಬ್ಯಾಕ್ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಹಿಂದಿನ ವರ್ಷ 11 ಪಾಸ್ ಹಿಡಿದಿದ್ದವನು ಆ ವರ್ಷ 55 ಹಿಡಿದ. ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಥರದ ರಿಸೀವರ್‌ಗಳು ಇದ್ದರು, ಒಪ್ಪಿದೆ, ಅವರ ಭಯಕ್ಕೇ ಎದುರಾಳಿಗಳು ಹಿಂದೆ ಸರಿದು ಬ್ಯಾಕ್‌ಗೆ ಜಾಗ ಬಿಟ್ಟರು. ಆದರೂ ಕಣ್ಣು ಅದೇ ಕಣ್ಣು ಅಲ್ವಾ? ಒಂದು ವರ್ಷದಲ್ಲಿ ಯಾರೂ ಕನ್ನಡಕ ಹಾಕಿಸಲಿಲ್ಲ.

ಎರಡನೇ ಪರೀಕ್ಷೆ: ಸ್ಟಾಪ್‌ವಾಚ್

ವಿಡಿಯೊ ತಡೆದು ನಿಲ್ಲಿಸಿದ ಚಿತ್ರ ಸುಳ್ಳು ಹೇಳುತ್ತದೆ. ಆ ಚಿತ್ರದಲ್ಲಿ ಬ್ಯಾಕ್ ಫ್ರೀ ಇದ್ದಾನೆ ನಿಜ, ಆದರೆ ಅದು ಎಷ್ಟನೇ ಸೆಕೆಂಡ್? ಫೋನಿನ ಸ್ಟಾಪ್‌ವಾಚ್ ಸಾಕು. ಸ್ನ್ಯಾಪ್ ಆದ ಕ್ಷಣ, ಅಂದರೆ ಚೆಂಡು ಲೈನಿನಿಂದ ಕ್ವಾರ್ಟರ್‌ಬ್ಯಾಕ್ ಕಡೆ ಹೊರಟ ಕ್ಷಣ, ಒತ್ತಿ. ಬ್ಯಾಕ್ ತಿರುಗಿ ಕ್ವಾರ್ಟರ್‌ಬ್ಯಾಕ್ ಕಡೆ ಮುಖ ಮಾಡಿದ ಕ್ಷಣ ಬರೆದುಕೊಳ್ಳಿ. ಪಾಕೆಟ್ ಮುರಿದ ಕ್ಷಣ, ಅಂದರೆ ಕ್ವಾರ್ಟರ್‌ಬ್ಯಾಕ್ ನಿಂತ ಜಾಗ ಬಿಡಲೇಬೇಕಾದ ಕ್ಷಣ, ಅದನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಎರಡೂವರೆ ಸೆಕೆಂಡಿನ ಸುತ್ತಮುತ್ತ ಎಲ್ಲ ತೀರ್ಮಾನ ಆಗಿರುತ್ತದೆ. ಬ್ಯಾಕ್ 3.1ಕ್ಕೆ ತಿರುಗಿದ, ಪಾಕೆಟ್ 2.6ಕ್ಕೆ ಹೋಯಿತು ಅಂದರೆ ಅದು ಕ್ವಾರ್ಟರ್‌ಬ್ಯಾಕ್ ತಪ್ಪಲ್ಲ, ಲೆಕ್ಕದಿಂದ ಕೈಬಿಡಿ. ಬ್ಯಾಕ್ 1.8ಕ್ಕೇ ತಿರುಗಿ ನಿಂತಿದ್ದು ಪಾಕೆಟ್ 3ರ ತನಕ ಇದ್ದರೆ ಮಾತ್ರ ನಮ್ಮ ರೋಗಿ. ಇಪ್ಪತ್ತು ಪ್ಲೇ ಹೀಗೆ ಅಳೆದರೆ ಪಟ್ಟಿ ಎಷ್ಟು ಚಿಕ್ಕದಾಗುತ್ತದೆ ಅಂತ ನೀವೇ ನೋಡಿ. ನನಗೆ ಮೊದಲ ಸಲ ನಾಚಿಕೆ ಆಯಿತು.

ಅಳೆಯುವಾಗಲೇ ಬ್ಯಾಕ್ ಎಲ್ಲಿ ನಿಂತಿದ್ದಾನೆ ಅನ್ನೋದನ್ನೂ ನೋಡಿಕೊಳ್ಳಿ. ಟಿವಿ ಕ್ಯಾಮೆರಾ ಪಕ್ಕದಿಂದ, ಎತ್ತರದಿಂದ ತೋರಿಸುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ಆ ಭಾಗ್ಯ ಇಲ್ಲ. ಅವನ ಮುಂದೆ ಆರೂವರೆ ಅಡಿ ಎತ್ತರ, 130-140 ಕಿಲೋ ತೂಕದ ಗೋಡೆ ಅಲ್ಲಾಡುತ್ತಿರುತ್ತದೆ. ಬ್ಯಾಕ್ ಆ ಗೋಡೆಯ ನೇರ ಹಿಂದೆ ನಿಂತರೆ ಇವನಿಗೆ ಕಾಣೋದು ಬರೀ ಬೆನ್ನು. ಸಂದಿ ಹುಡುಕಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮುಖ ತೋರಿಸೋದು ಬ್ಯಾಕ್‌ನ ಕೆಲಸ. ಎಂಡ್ ಝೋನ್ ಹಿಂದಿನ ಕ್ಯಾಮೆರಾದ ದೃಶ್ಯ ಸಿಕ್ಕರೆ ಇದು ಎರಡು ನಿಮಿಷದ ಪರೀಕ್ಷೆ, ಸಿಗದಿದ್ದರೆ ಊಹೆ ಮಾಡಬೇಡಿ.

ಮೂರನೆಯದು: ಕಾಲು

ಈಗ ಉಳಿದ ಪ್ಲೇಗಳೇ ನಿಜವಾದ ದೋಷ. ಇಲ್ಲಿ ನಾನು ನೋಡಿದ ಮಟ್ಟಿಗೆ ಜಾಸ್ತಿ ಸಲ ತಪ್ಪಿತಸ್ಥ ಕಾಲು.

ಯಾಕೆ ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ ಒಳಗಿನ ಗಡಿಯಾರ ಇರೋದು ಕಾಲಿನಲ್ಲಿ. ಶಾಟ್‌ಗನ್‌ನಲ್ಲಿ, ಅಂದರೆ ಲೈನಿನಿಂದ ಕೆಲವು ಹೆಜ್ಜೆ ಹಿಂದೆ ನಿಂತು ಚೆಂಡು ಹಿಡಿದ, ಮೂರು ಹೆಜ್ಜೆ ಹಿಂದೆ ಹೋದ. ಮೂರನೇ ಹೆಜ್ಜೆ ನೆಲಕ್ಕೆ ಊರಿದಾಗ ಮೊದಲನೇ ರಿಸೀವರ್ ಮೇಲೆ ಕಣ್ಣು. ಸಿಗಲಿಲ್ಲವಾ, ಒಂದು ಪುಟ್ಟ ಹೆಜ್ಜೆ ಮುಂದಕ್ಕೆ, ಅದಕ್ಕೆ ಹಿಚ್ ಅನ್ನುತ್ತಾರೆ, ಆಗ ಎರಡನೆಯವನು. ಇನ್ನೊಂದು ಹಿಚ್, ಸೊಂಟ ತಿರುಗಬೇಕು, ಬ್ಯಾಕ್‌ಗೆ ಚೆಂಡು ಹೋಗಬೇಕು. ಹೆಜ್ಜೆ ನಡೆದರೆ ಕಣ್ಣು ತಾನಾಗಿ ನಡೆಯುತ್ತದೆ. ಹೆಜ್ಜೆ ನಿಂತರೆ ಕಣ್ಣೂ ನಿಂತುಬಿಡುತ್ತದೆ. ದೋಷ ಇರುವ ಹುಡುಗನನ್ನು ನೋಡಿ: ಮೂರನೇ ಹೆಜ್ಜೆ ಊರಿ ಕಂಬದ ಹಾಗೆ ನಿಂತುಬಿಡುತ್ತಾನೆ, ಮೊದಲನೆಯವನು ಈಗ ಫ್ರೀ ಆಗುತ್ತಾನೆ, ಇನ್ನೇನು ಆಗುತ್ತಾನೆ, ಆಗೇಬಿಟ್ಟ ಅಂತ ಕಾಯುತ್ತಾ ಕಾಯುತ್ತಾ ಬಸ್ಸು ಹೊರಟೇ ಹೋಗುತ್ತದೆ.

ಪರೀಕ್ಷೆ ಸುಲಭ. ಪರದೆಯ ಮೇಲ್ಭಾಗ ಕೈಯಿಂದ ಮುಚ್ಚಿ ಬರೀ ಅವನ ಪಾದ ನೋಡಿ, ಹಿಚ್ ಎಣಿಸಿ. ಸೊನ್ನೆ ಅಥವಾ ಒಂದು ಅಂದರೆ ಅವನು ಬ್ಯಾಕ್ ತನಕ ಬಂದೇ ಇಲ್ಲ. ಎರಡು ಇದ್ದೂ ಕೊಡಲಿಲ್ಲ ಅಂದರೆ ಆಗ ಹೆಲ್ಮೆಟ್ ನೋಡಿ. ಮುಖದ ಜಾಲರಿ ಬ್ಯಾಕ್ ಕಡೆ ತಿರುಗಿತ್ತಾ? ತಿರುಗಿದ್ದರೆ ಕಂಡಿದ್ದಾನೆ, ಬೇಡ ಅಂತ ಬಿಟ್ಟಿದ್ದಾನೆ, ಅದು ಬೇರೆ ರೋಗ. ಜಾಲರಿ ಕೆಳಕ್ಕೆ ಬಾಗಿ ನುಗ್ಗಿ ಬರುವವರನ್ನು ನೋಡುತ್ತಿತ್ತಾ? ಅದು ಏಟು ತಿಂದು ತಿಂದು ಬಂದ ಭಯ. ನಾಲ್ಕು ಪಂದ್ಯ ಸತತವಾಗಿ ಬಿದ್ದ ಹುಡುಗನಿಗೆ ಖಾಲಿ ಪಾಕೆಟ್‌ನಲ್ಲೂ ಯಾರೋ ಬಂದ ಹಾಗೆ ಅನ್ನಿಸುತ್ತದೆ. ಅದಕ್ಕೆ ಬೈಗುಳ ಮದ್ದಲ್ಲ, ಲೈನ್ ಸರಿ ಮಾಡಬೇಕು.

ಕಂಡೂ ಬಿಡುವವರು

ಇವರಲ್ಲಿ ಒಂದು ಜಾತಿ ಓಟಗಾರರು. ಹೈಸ್ಕೂಲಿನಲ್ಲಿ ಇಡೀ ಮೈದಾನದಲ್ಲಿ ಇವನೇ ಜೋರು, ಯಾರೂ ಸಿಗದಿದ್ದರೆ ತಾನೇ ಓಡಿ ಹದಿನೈದು ಯಾರ್ಡ್ ತಂದಿದ್ದಾನೆ. ಕಾಲೇಜಿನಲ್ಲಿ ಎದುರಿನ ದಾಂಡಿಗನೂ ಅಷ್ಟೇ ಜೋರು ಅನ್ನೋದು ತಲೆಗೆ ಹೋಗೋಕೆ ಒಂದು ಸೀಸನ್ ಬೇಕು.

ಇನ್ನೊಂದು ಜಾತಿ, ಪಾಸ್ ಮೇಲೇ ನಂಬಿಕೆ ಇಲ್ಲದವರು. ಐದು ಯಾರ್ಡ್ ಪಾಸ್ ಸುಲಭ ಅಂತ ನಾವು ಅಂದುಕೊಳ್ಳುತ್ತೇವೆ. ಓಡುತ್ತಿರುವವನ ಮುಂದಿನ ಭುಜಕ್ಕೆ, ಮೆತ್ತಗೆ, ನಾಲ್ಕು ಕೈಗಳ ಮೇಲಿಂದ ಹಾಯಿಸಿ ಕೊಡೋದು ಸುಮ್ನೆ ಅಲ್ಲ. ಬೆನ್ನ ಹಿಂದೆ ಹೋದರೆ ಬ್ಯಾಕ್ ನಿಂತು ತಿರುಗಬೇಕು, ಅಷ್ಟರಲ್ಲಿ ಮುಗಿಯಿತು. ಸ್ವಿಂಗ್ ಪಾಸ್‌ನಲ್ಲಿ ಇನ್ನೊಂದು ಕುತ್ತು ಇದೆ: ಬ್ಯಾಕ್ ಪಕ್ಕಕ್ಕೆ ಬಾಗಿ ಓಡುತ್ತಾ ಕ್ವಾರ್ಟರ್‌ಬ್ಯಾಕ್‌ಗಿಂತ ಒಂದಡಿ ಹಿಂದಿದ್ದರೆ ಅದು ಮುಂದಕ್ಕೆ ಎಸೆದ ಪಾಸ್ ಅಲ್ಲ, ಹಿಂದಕ್ಕೆ ಎಸೆದದ್ದು. ಕೈಜಾರಿದರೆ ಚೆಂಡು ಇನ್ನೂ ಜೀವಂತ, ಎದುರಾಳಿ ಎತ್ತಿಕೊಂಡು ಹೋಗಬಹುದು. ಒಂದು ಸಲ ಹಾಗಾದರೆ ಸಾಕು, ಬಿಸಿ ಹಾಲು ಕುಡಿದ ಬೆಕ್ಕಿನ ಕಥೆ. ಆಮೇಲೆ ಆ ಕಡೆ ತಿರುಗಿಯೂ ನೋಡಲ್ಲ.

ಕಾಲೇಜ್ ಮೈದಾನದ ಗೆರೆಗಳೂ ಇದರಲ್ಲಿ ಆಟ ಆಡುತ್ತವೆ. ಪ್ರತಿ ಪ್ಲೇಗೂ ಚೆಂಡು ಇಡೋದು ಹ್ಯಾಶ್ ಅನ್ನೋ ಎರಡು ಸಾಲು ಗೆರೆಗಳ ಮೇಲೆ ಅಥವಾ ಅವುಗಳ ನಡುವೆ. ಆ ಗೆರೆಗಳ ನಡುವೆ ಇಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಮೈದಾನದ ಅಗಲ 160 ಅಡಿ. ಹಾಗಾಗಿ ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಒಂದು ಕಡೆ 60 ಅಡಿ, ಇನ್ನೊಂದು ಕಡೆ 100 ಅಡಿ. ಅಗಲದ ಕಡೆ ಹೋದ ಬ್ಯಾಕ್‌ಗೆ ಹುಲ್ಲು ಜಾಸ್ತಿ, ಎಸೆತ ಉದ್ದ. ಕಿರಿದಾದ ಕಡೆ ಎಸೆತ ಸುಲಭ, ಹಿಡಿದ ಮೇಲೆ ಗೆರೆಯೇ ಎದುರಾಳಿ. ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋದ ಪಾಸ್‌ಗಳೆಲ್ಲ ಅಗಲದ ಕಡೆಯವೇ ಆಗಿದ್ದರೆ ಅದು ತೋಳಿನ ಮೇಲಿನ ಅಪನಂಬಿಕೆ ಅಂತ ನಾನು ಓದುತ್ತೇನೆ.

ಕಲಿಸದೇ ಇದ್ದದ್ದು ಎಲ್ಲಿಂದ ಬರಬೇಕು?

ಆರ್‌ಪಿಒ ಅನ್ನೋ ಪ್ಲೇಗಳು ಕಾಲೇಜಿನಲ್ಲಿ ಎಲ್ಲೆಲ್ಲೂ ಇವೆ. ಓಟನಾ ಪಾಸಾ ಅಂತ ಒಬ್ಬ ಎದುರಾಳಿಯನ್ನು ನೋಡಿ ತೀರ್ಮಾನಿಸೋದು. ಕಾಲೇಜ್ ನಿಯಮ ಲೈನಿನವರನ್ನು 3 ಯಾರ್ಡ್ ಮುಂದೆ ಹೋಗಲು ಬಿಡುತ್ತದೆ, ಎನ್‌ಎಫ್‌ಎಲ್‌ನಲ್ಲಿ 1 ಯಾರ್ಡ್, ಹಾಗಾಗಿ ಇಲ್ಲಿ ಈ ಆಟ ಸಲೀಸು. ತಪ್ಪೇನಿಲ್ಲ. ಆದರೆ ವಾರಪೂರ್ತಿ ಒಬ್ಬನನ್ನು ಮಾತ್ರ ನೋಡಿ ಅಭ್ಯಾಸ ಮಾಡಿದ ಹುಡುಗನಿಗೆ ಶನಿವಾರ ದಿಢೀರನೆ "ಒಂದು, ಎರಡು, ಮೂರು, ಬ್ಯಾಕ್" ಅಂತ ನಾಲ್ಕು ಜನರನ್ನು ನೋಡು ಅಂದರೆ ಎಲ್ಲಿಂದ ನೋಡುತ್ತಾನೆ? ಆಮೇಲೆ ಕೋಚ್ ಪತ್ರಕರ್ತರ ಮುಂದೆ ಹುಡುಗನ ಕಣ್ಣಿನ ಬಗ್ಗೆ ಮಾತಾಡೋದು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಇದಕ್ಕೆ ತದ್ವಿರುದ್ಧ ಕೋಚ್ ಮೈಕ್ ಲೀಚ್. ವಾಷಿಂಗ್ಟನ್ ಸ್ಟೇಟ್‌ನಲ್ಲಿ ಪಾಸ್‌ಗಳನ್ನೇ ನಂಬಿದ ಅವರ ಏರ್ ರೇಡ್ ಆಟದಲ್ಲಿ ಬ್ಯಾಕ್‌ಗೆ ಕೊಡುವ ಸಣ್ಣ ಪಾಸ್ ಓಟದ ಜಾಗದಲ್ಲೇ ಕೂತಿತ್ತು. 2018ರಲ್ಲಿ ಗಾರ್ಡ್ನರ್ ಮಿನ್‌ಶ್ಯೂ ಬೇರೆ ಕಾಲೇಜಿನಿಂದ ಬಂದು ಒಂದೇ ವರ್ಷ ಆಡಿದ: 4,779 ಯಾರ್ಡ್, 38 ಟಚ್‌ಡೌನ್ ಪಾಸ್, ತಂಡ 11-2. ಆ ವರ್ಷ ಬ್ಯಾಕ್ ಜೇಮ್ಸ್ ವಿಲಿಯಮ್ಸ್ ಹಿಡಿದ ಪಾಸ್ 83. ಮರುವರ್ಷ ಮ್ಯಾಕ್ಸ್ ಬೋರ್ಗಿ 86. ಕ್ವಾರ್ಟರ್‌ಬ್ಯಾಕ್ ಬದಲಾದ, ಬ್ಯಾಕ್ ಬದಲಾದ, ಅಂಕಿ ಬದಲಾಗಲಿಲ್ಲ. ಇದು ಹೊಸದೂ ಅಲ್ಲ. 1977ರಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಬಿಲ್ ವಾಲ್ಶ್ ಕೈಕೆಳಗೆ ಡ್ಯಾರಿನ್ ನೆಲ್ಸನ್ ಒಂದೇ ಸೀಸನ್‌ನಲ್ಲಿ ಸಾವಿರ ಯಾರ್ಡ್ ಓಡಿ 50 ಪಾಸ್ ಹಿಡಿದ ಮೊದಲ ಕಾಲೇಜ್ ಆಟಗಾರ ಆದ.

ರಿಪೇರಿ

ಮೊದಲು ಕೈಬಿಡಬೇಕಾದದ್ದು, ಏಳು-ಏಳು ಜನರ ಅಭ್ಯಾಸವನ್ನು ಗಡಿಯಾರ ಇಲ್ಲದೆ ಆಡಿಸೋದು. ಅಲ್ಲಿ ನುಗ್ಗಿ ಬರುವವರು ಇಲ್ಲ, ಹುಡುಗ ನಾಲ್ಕು ಸೆಕೆಂಡ್ ನಿಂತು ದೂರದವನಿಗೆ ಎಸೆದು ಚಪ್ಪಾಳೆ ಗಿಟ್ಟಿಸುತ್ತಾನೆ. ಅದೇ ದೋಷವನ್ನು ನಾವೇ ಸಾಕಿದ ಹಾಗೆ. 2.6 ಸೆಕೆಂಡಿಗೆ ಒಂದು ಹಾರ್ನ್ ಹೊಡೆಯಿರಿ, ಅದಾದ ಮೇಲೆ ಎಸೆದ ಪಾಸ್ ಟಚ್‌ಡೌನ್ ಆದರೂ ಸ್ಯಾಕ್ ಅಂತ ಬರೆಯಿರಿ. ಎರಡು ವಾರ ಗೊಣಗುತ್ತಾರೆ, ಆಮೇಲೆ ಸರಿಹೋಗುತ್ತದೆ.

ಕಾಲಿಗೆ: ಎದುರಾಳಿ ಯಾರೂ ಬೇಡ, ದಿನಕ್ಕೆ ಹದಿನೈದು ಸಲ, ಮೂರು ಹೆಜ್ಜೆ, ಹಿಚ್, ಹಿಚ್, ಸೊಂಟ ತಿರುಗಿಸಿ ಬ್ಯಾಕ್‌ಗೆ. ಪ್ರತಿ ಹಿಚ್‌ಗೂ ರಿಸೀವರ್ ಹೆಸರು ಬಾಯಿಬಿಟ್ಟು ಹೇಳಬೇಕು. ಮಗ್ಗಿ ಒಪ್ಪಿಸಿದ ಹಾಗೆ, ಬೋರು ಹೊಡೆಯುತ್ತದೆ, ಆದರೆ ಕೆಲಸ ಮಾಡುತ್ತದೆ.

ಸ್ನ್ಯಾಪ್‌ಗೆ ಮುಂಚೆ ಒಂದು ಸುಳಿವು ಕೊಡಿ. ಎದುರಾಳಿಯ ಕೊನೆ ಸಾಲಿನ ಕಾವಲುಗಾರರಾದ ಇಬ್ಬರು ಸೇಫ್ಟಿಗಳು ಹಿಂದೆ ಅಗಲಕ್ಕೆ ನಿಂತು, ನಡುವಿನ ಲೈನ್‌ಬ್ಯಾಕರ್ ಬೆನ್ನು ತಿರುಗಿಸಿ ಆಳಕ್ಕೆ ಓಡುವ ತಂಡವಾದರೆ ಮೈದಾನದ ನಡು ಭಾಗ ಖಾಲಿ ಬೀಳುತ್ತದೆ, ಬ್ಯಾಕ್‌ನನ್ನು ಅಲ್ಲೇ ಕೂರಿಸಿ. ಮೂವರೇ ನುಗ್ಗಿ ಎಂಟು ಜನ ಹಿಂದೆ ಸರಿದರೆ ದೂರ ಯಾರೂ ಫ್ರೀ ಸಿಗಲ್ಲ, ಮೂರನೇ ಹೆಜ್ಜೆಗೇ ಬ್ಯಾಕ್‌ಗೆ ಕೊಟ್ಟು ಕೈತೊಳೆದುಕೊಳ್ಳಬಹುದು. 2024ರಿಂದ ಮೇಲ್ದರ್ಜೆಯ ಕಾಲೇಜ್ ತಂಡಗಳಲ್ಲಿ ಕೋಚ್ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಒಳಗೇ ಮಾತಾಡಬಹುದು, ಪ್ಲೇ ಶುರು ಮಾಡೋಕೆ ಕೊಡುವ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್. ಆ ಕೊನೆಯ ಮಾತು "ಬ್ಯಾಕ್ ಇದ್ದಾನೆ" ಅಂತಿರಲಿ. ಉಪದೇಶ ಬೇಡ.

ಮತ್ತೆ ಭಾನುವಾರ ಫಿಲ್ಮ್ ನೋಡುವಾಗ ಅಂಕ ಕೊಡೋದು ತೀರ್ಮಾನಕ್ಕೆ, ಯಾರ್ಡಿಗಲ್ಲ. ಎರಡೇ ಯಾರ್ಡ್ ಬಂದ ಸರಿಯಾದ ಚೆಕ್‌ಡೌನ್‌ಗೆ ಪೂರ್ತಿ ಅಂಕ. ಇದೊಂದನ್ನು ಮಾಡದ ತಂಡದಲ್ಲಿ ಮೇಲಿನ ಯಾವುದೂ ನಿಲ್ಲಲ್ಲ.

ಮರುಪರೀಕ್ಷೆ

ಬ್ಯಾಕ್ ಎಷ್ಟು ಪಾಸ್ ಹಿಡಿದ ಅಂತ ಎಣಿಸಬೇಡಿ. ಅದು ದಾರಿ ತಪ್ಪಿಸುತ್ತದೆ, ಯಾಕೆಂದರೆ ರಿಪೇರಿ ಜಾಸ್ತಿಯಾದ ಹುಡುಗ ಒಂದೂವರೆ ಸೆಕೆಂಡಿಗೇ ಚೆಂಡನ್ನು ಬ್ಯಾಕ್ ಕೈಗೆ ತುರುಕಿ ಕೂರುತ್ತಾನೆ, ದೂರ ಇಬ್ಬರು ಫ್ರೀ ಇದ್ದರೂ ನೋಡಲ್ಲ. ಹಿಚ್ ಸೊನ್ನೆ, ಚೆಂಡು ಬ್ಯಾಕ್‌ಗೆ: ಇದು ಕಂಡರೆ ಸ್ವಲ್ಪ ಸಡಿಲ ಬಿಡಿ.

ಎಣಿಸಬೇಕಾದದ್ದು ಎದುರಾಳಿ ಲೈನ್‌ಬ್ಯಾಕರ್‌ಗಳ ಹೆಜ್ಜೆ. ಮೊದಲ ಪಂದ್ಯದಲ್ಲಿ ಅವರು ಹತ್ತು ಹನ್ನೆರಡು ಯಾರ್ಡ್ ಹಿಂದಕ್ಕೆ ಓಡುತ್ತಿದ್ದರು, ಬ್ಯಾಕ್‌ಗೆ ಸೊಪ್ಪೇ ಹಾಕುತ್ತಿರಲಿಲ್ಲ. ನಾಲ್ಕನೇ ಪಂದ್ಯದ ಹೊತ್ತಿಗೆ ಆರು ಏಳು ಯಾರ್ಡಿಗೇ ನಿಂತು ಬ್ಯಾಕ್ ಎಲ್ಲಿ ಅಂತ ಕತ್ತು ತಿರುಗಿಸಿದರೆ ದೋಷ ಹೋಗಿದೆ. ಅವರ ಬೆನ್ನ ಹಿಂದೆ ಹದಿನೈದು ಯಾರ್ಡಿನಲ್ಲಿ ಅಡ್ಡ ಓಡುತ್ತಿರುವ ರಿಸೀವರ್ ಈಗ ಒಬ್ಬನೇ ಇರುತ್ತಾನೆ.